ಹೊತ್ತು ಹೋಗೋಕೆ ಹೆಣೆದ ಕುರ್ಚಿಗಳು

ತೆರಿಗೆ ಕಚೇರಿಯಿಂದ ಆ ನೀಲಿ ಪುಸ್ತಿಕೆ ಬರದೇ ಹೋಗಿದ್ದರೆ ಮೀಟರಜ್ಜನ ಮನೆಯವರು ಆ ತಿಂಗಳೆಲ್ಲ ನೆಮ್ಮದಿಯಾಗಿ ಉಂಡಿರುತ್ತಿದ್ದರು. ಆದರೆ ಬಂತಲ್ಲ! ಅಂಚೆಯವನು ಗೇಟಿನ ಸಂದಿಯಲ್ಲಿ ತುರುಕಿ ಹೋದ. ಹದಿನಾರು ಪುಟ, ಮೇಲೆ ‘ಯಾವುದು ಆದಾಯ, ಯಾವುದು ಅಲ್ಲ’ ಎಂಬ ದಪ್ಪ ಅಕ್ಷರ, ಒಳಗೆ ಮಡಚಿಟ್ಟ ಒಂದು ಫಾರಂ. ಬೇರೆ ಮನೆಗಳಲ್ಲಿ ಅದು ಡಬ್ಬದ ಕೆಳಗೆ ಹಾಸಲು ಹೋಯಿತು. ಮೀಟರಜ್ಜ ಮಾತ್ರ ಕನ್ನಡಕ ಒರೆಸಿಕೊಂಡು, ಮೊದಲ ಪುಟದಿಂದ ಹಿಡಿದು ಕೊನೆಯಲ್ಲಿದ್ದ ಮುದ್ರಣಾಲಯದ ವಿಳಾಸದವರೆಗೆ ಒಂದಕ್ಷರ ಬಿಡದೆ ಓದಿದ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೂವತ್ತನಾಲ್ಕು ವರ್ಷ ನೀರು ಸರಬರಾಜಿನ ಇಲಾಖೆಯಲ್ಲಿ ಮನೆಮನೆಗೆ ಹೋಗಿ, ಮಂಡಿಯೂರಿ, ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಂಡವನು. ಅಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ರೀಡಿಂಗ್ ಬರೆದವನಲ್ಲ ಎನ್ನುವುದು ಅವನ ಹೆಮ್ಮೆ, ಅದನ್ನು ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುವುದು ಮನೆಯವರ ಹಣೆಬರಹ. ನಿವೃತ್ತನಾಗಿ ಹನ್ನೊಂದು ವರ್ಷವಾದರೂ ಚಾಳಿ ಬಿಟ್ಟಿರಲಿಲ್ಲ. ಸಿಲಿಂಡರು ಎಷ್ಟು ದಿನ ಬಂತು, ಸೋಪು ಯಾವಾಗ ಕರಗಿತು, ಯಾರು ಎಷ್ಟು ಹೊತ್ತು ನಲ್ಲಿ ಬಿಟ್ಟರು, ಎಲ್ಲವನ್ನೂ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಬರೆಯುವುದಷ್ಟೇ. ಕೂಡುವುದು, ಕಳೆಯುವುದು ಅವನ ಕಾಲದಲ್ಲೂ ಕಚೇರಿಯವರ ಕೆಲಸವಾಗಿತ್ತು.

ಆ ಸಂಜೆ ಊಟಕ್ಕೆ ಕೂತಾಗ ತಟ್ಟೆಯ ಎಡಗಡೆ ನೀಲಿ ಪುಸ್ತಿಕೆ, ಬಲಗಡೆ ಫಾರಂ.

“ನೋಡಿ, ಹೋದ ವರ್ಷ ಈ ಮನೇಲಿ ಯಾರ ಕೈಗೆ ಏನೇನು ಬಂತೋ ಎಲ್ಲಾ ಹೇಳಿ. ಒಂದು ಕಾಸೂ ಬಿಡೋ ಹಾಗಿಲ್ಲ,” ಎಂದ.

“ಶುರುವಾಯ್ತಪ್ಪಾ,” ಎಂದು ಮಗ ಬ್ರೆಡ್ಡು ಮುರಿದ. ಅವನು ಬೇಕರಿಯ ವ್ಯಾನು ಓಡಿಸುತ್ತಿದ್ದ. “ನನಗೆ ಬರೋದು ಸಂಬಳ. ಅದರಲ್ಲಿ ತೆರಿಗೆ ಅವರೇ ಹಿಡ್ಕೊಂಡು ಕೊಡ್ತಾರೆ.”

“ನಿನ್ನ ಕೈಲಿರೋದೇನು?”

“ಬ್ರೆಡ್ಡು.”

“ಯಾರು ಕೊಟ್ಟಿದ್ದು?”

“ಬೇಕರಿಯವರು. ಅಪ್ಪಾ, ಇದು ಮಾರಾಟವಾಗದೇ ಉಳಿದಿದ್ದು! ನಾನು ತರದೇ ಇದ್ರೆ ಹಂದಿಗೆ ಹಾಕ್ತಾರೆ.”

“ಹಂದಿಗಳು ತೆರಿಗೆ ಕಟ್ಟಲ್ಲ. ನೀನು ಕಟ್ಟಬೇಕು. ಐದನೇ ಪುಟ ನೋಡು, ಕೆಲಸ ಕೊಟ್ಟವರು ಹಣದ ಬದಲು ವಸ್ತು ಕೊಟ್ರೂ ಅದು ಆದಾಯವೇ.” ಅಜ್ಜ ಇಷ್ಟು ಹೇಳಿ, ಅದೇ ಬ್ರೆಡ್ಡಿನ ಇನ್ನೊಂದು ತುಂಡಿಗೆ ಬೆಣ್ಣೆ ಸವರಿಕೊಂಡು ತಿಂದ.

ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಮಾತಿಗೆ ಮಾತು ಕೊಡುವುದರಲ್ಲಿ ಯಾರಿಗೂ ಕಮ್ಮಿಯಿಲ್ಲ. “ನನಗೆ ಸಂಬಳ ಬಿಟ್ರೆ ಬೇರೇನೂ ಇಲ್ಲ ಮಾವ,” ಎಂದಳು.

“ಲಕ್ಕಿ ಡ್ರಾನಲ್ಲಿ ಇಸ್ತ್ರಿಪೆಟ್ಟಿಗೆ ಬಂದಿರಲಿಲ್ವಾ? ಬಹುಮಾನ. ಎಂಟನೇ ಪುಟ. ಆದಾಯ.”

“ಅದು ನಿಮ್ಮ ಎರಡು ಶರ್ಟು ಸುಟ್ಟಿದೆಯಲ್ಲ, ಅದನ್ನ ಕಳೀಬಹುದಾ?”

ಅಜ್ಜ ಇದನ್ನು ತಮಾಷೆಯೆಂದು ತಿಳಿಯದೆ ಪುಟ ತಿರುವಿ ಹುಡುಕಿದ. “ಇಲ್ಲಮ್ಮ, ಶರ್ಟಿನ ವಿಷಯ ಕೊಟ್ಟಿಲ್ಲ,” ಎಂದ.

ಹನ್ನೆರಡು ವರ್ಷದ ಮೊಮ್ಮಗಳು ಹಳೇ ಸೈಕಲ್ಲು ಮಾರಿದ ದುಡ್ಡು ಆದಾಯವಲ್ಲವೆಂದು ತೀರ್ಮಾನವಾಯಿತು, ಸ್ವಂತಕ್ಕೆ ಬಳಸಿದ ವಸ್ತು ಕೊಂಡ ಬೆಲೆಗಿಂತ ಕಮ್ಮಿಗೆ ಮಾರಿದರೆ ಲೆಕ್ಕಕ್ಕಿಲ್ಲವಂತೆ. ಕಳ್ಳತನವಾದ ಪಂಪಿಗೆ ವಿಮೆಯವರು ಕೊಟ್ಟಿದ್ದೂ ಅಲ್ಲ. ಮಹಡಿಯ ಬಾಡಿಗೆ ಮಾತ್ರ ಆದಾಯ. ಅಲ್ಲೊಂದು ತೊಡಕು ಬಂತು. ಮಹಡಿಯಲ್ಲಿದ್ದ ಮೇಷ್ಟ್ರು ಅರ್ಧ ಬಾಡಿಗೆ ದುಡ್ಡಿನಲ್ಲಿ ಕೊಟ್ಟು, ಉಳಿದರ್ಧಕ್ಕೆ ಮೊಮ್ಮಗಳಿಗೆ ಗಣಿತ ಹೇಳಿಕೊಡುತ್ತಿದ್ದರು.

“ಪಾಠಾನೂ ಬಾಡಿಗೆಯೇ. ಬೆಲೆ ಎಷ್ಟು ಹಾಕೋದು?” ಅಜ್ಜ ಪೆನ್ನು ಕಚ್ಚಿದ.

“ಕಳೆದ ಪರೀಕ್ಷೇಲಿ ಇವಳಿಗೆ ಹದಿನೆಂಟು ಮಾರ್ಕು,” ಎಂದ ಮಗ.

“ಇಪ್ಪತ್ತೈದಕ್ಕಾ?”

“ನೂರಕ್ಕೆ.”

ಅಜ್ಜ ಸೊನ್ನೆ ಬರೆದ. ಮೊಮ್ಮಗಳ ಮಾರ್ಕಿನಿಂದ ಮನೆಗೆ ಉಪಕಾರವಾಗಿದ್ದು ಅದೇ ಮೊದಲು.

ಅಷ್ಟರಲ್ಲಿ ಅಜ್ಜಿ ಬಚ್ಚಲಿನಿಂದ ಬಂದಳು. ಬಕೆಟ್ಟಿನಲ್ಲಿ ನೆನೆಹಾಕಿದ್ದ ಬೆತ್ತದ ಎಳೆಗಳನ್ನು ಒದರಿ, ಹಿತ್ತಲಿನ ತಂತಿಯ ಮೇಲೆ ಎಸೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಅಜ್ಜನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅಜ್ಜಿ ಕುರ್ಚಿ ಹೆಣೆಯುತ್ತಿದ್ದಳು. ಸೀಟು ಹರಿದ ಮರದ ಕುರ್ಚಿಗೆ ತೂತಿನಿಂದ ತೂತಿಗೆ ಬೆತ್ತದ ಎಳೆ ಎಳೆದು, ಉದ್ದಕ್ಕೆರಡು ಸಲ, ಅಡ್ಡಕ್ಕೆರಡು ಸಲ, ಮೂಲೆಯಿಂದ ಮೂಲೆಗೆ ಎರಡು ಸಲ. ಒಂದು ಕುರ್ಚಿಗೆ ಎರಡು ದಿನ. ಅವಳ ಅಪ್ಪನಿಂದ ಕಲಿತ ಕೆಲಸ. ಆಸ್ಪತ್ರೆ, ಶಾಲೆ, ವಾಚನಾಲಯ ಎಲ್ಲ ಕಡೆಯ ಕುರ್ಚಿಗಳೂ ಇವಳ ಹಿತ್ತಲಿಗೇ ಬರುತ್ತಿದ್ದವು.

“ನಂದೇನು ಬರೆದ್ರಿ?” ಎಂದಳು.

“ನಿಂದೇನಿದೆ ಬರೆಯೋಕೆ?”

ಫಾರಂನಲ್ಲಿ ಅಜ್ಜನ ಮುದ್ದಾದ ಅಕ್ಷರ ಹೀಗಿತ್ತು: ‘ಹೆಂಡತಿ. ಉದ್ಯೋಗ ಇಲ್ಲ. ಹೊತ್ತು ಹೋಗಲು ಕುರ್ಚಿ ಹೆಣೆಯುತ್ತಾಳೆ. ಆದಾಯ ಇಲ್ಲ.’

ಅಜ್ಜಿ ಅದನ್ನು ತುಟಿಯಲ್ಲೇ ಎರಡು ಸಲ ಓದಿಕೊಂಡಳು. ಸೌಟಿನಿಂದ ಆಲೂಗಡ್ಡೆ ಬಡಿಸಿದ ರಭಸಕ್ಕೆ ತಟ್ಟೆ ಟಣ್ಣೆಂದಿತು. ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತು ಅಜ್ಜ ಫಾರಂ ಕೊಟ್ಟು ಬಂದ.

ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿಯವನ ಅಂಗಡಿಯಿತ್ತು. ಒಂದೇ ಕೋಣೆ, ಎರಡು ಕಿಟಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಳ್ಳೇ ಬೆಳಕು. ಅವನಿಗೆ ಕಣ್ಣು ಮಂಜಾಗಿ ಅಂಗಡಿ ಬಿಡುತ್ತಿದ್ದ. ಆ ಕೋಣೆ ತನಗೆ ಬೇಕೆಂದು ಅಜ್ಜಿ ಮೂರು ತಿಂಗಳಿಂದ ಹೇಳುತ್ತಲೇ ಇದ್ದಳು. ಹಿತ್ತಲಿನಲ್ಲಿ ಕೂತು ಅವಳ ಸೊಂಟ ಬಿದ್ದುಹೋಗಿತ್ತು. ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು. ಬಕೆಟ್ಟಿನಲ್ಲಿ ಬೆತ್ತ ನೆನೆದಿದ್ದರೆ ಮನೆಯವರೆಲ್ಲ ಸ್ನಾನಕ್ಕೆ ಬಚ್ಚಲ ಬಾಗಿಲಲ್ಲಿ ಟವೆಲು ಹೆಗಲಿಗೆ ಹಾಕಿಕೊಂಡು ಕಿತ್ತಾಡಬೇಕು. ಕೋಣೆ ವರ್ತಕರ ಸಂಘದ್ದು. ತಿಂಗಳ ಕೊನೆಯ ದಿನದೊಳಗೆ ಅರ್ಜಿ ಕೊಡಬೇಕು, ಜೊತೆಗೆ ಸ್ವಂತ ಕಸುಬಿನಿಂದ ಆದಾಯವಿದೆ ಎನ್ನುವುದಕ್ಕೆ ತೆರಿಗೆ ಕಚೇರಿಯ ಚೀಟಿ ಲಗತ್ತಿಸಬೇಕು. ಇಲ್ಲದಿದ್ದರೆ ಕೋಣೆ ಮೊಬೈಲ್ ಕವರು ಮಾರುವವನ ಪಾಲು.

ಫಾರಂ ಕೊಟ್ಟ ಮುಂದಿನ ವಾರ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ತೆರಿಗೆ ಕಚೇರಿಗೆ ಹೋದಳು. ಮಧ್ಯಾಹ್ನ ವಾಪಸು ಬಂದಾಗ ಅವಳ ಮುಖ ನೋಡಿಯೇ ಅಜ್ಜ ಪುಸ್ತಕ ಮುಚ್ಚಿದ.

“ಏನಾಯ್ತೇ?”

ಅಜ್ಜಿ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದಳು. ಹೇಳಿದ್ದು ಮೊಮ್ಮಗಳು.

“ಅಜ್ಜ, ಆ ಕಿಟಕಿ ಹತ್ರ ಇರೋ ಅಕ್ಕ ಅಜ್ಜಿ ಹೆಸರು ಹುಡುಕಿದ್ರು. ನೀನು ಬರೆದಿದ್ದನ್ನ ಜೋರಾಗಿ ಓದಿಬಿಟ್ರು. ‘ಹೊತ್ತು ಹೋಗಲು ಕುರ್ಚಿ ಹೆಣೆಯುತ್ತಾಳೆ’ ಅಂತ. ಲೈನಲ್ಲಿದ್ದೋರೆಲ್ಲ ನಕ್ರು.”

“ನಗೋದೇನಿದೆ ಅದರಲ್ಲಿ?”

“ಅಜ್ಜಿ ಹೇಳಿದ್ಲು, ಹೊತ್ತು ಹೋಗೋಕಲ್ಲ, ದುಡ್ಡಿಗೆ ಹೆಣೀತೀನಿ ಅಂತ. ಅದಕ್ಕೆ ಅವರು ರಸೀದಿ ಇದ್ರೆ ತೋರಿಸಿ ಅಂದ್ರು. ರಸೀದಿ ಎಲ್ಲಾ ಆಸ್ಪತ್ರೇಲಿವೆ, ಎಲ್ಲದರ ಮೇಲೂ ನಿನ್ನ ಸಹಿ ಇದೆ ಅಂದ್ಲು ಅಜ್ಜಿ. ಹಾಗಾದ್ರೆ ಕುರ್ಚಿ ಹೆಣೆಯೋದು ಅಜ್ಜನಾ ಅಂತ ಕೇಳಿದ್ರು!”

ಅದು ನಿಜವೇ. ಅವನು ನಿವೃತ್ತನಾದ ಮರುವಾರ ಅಜ್ಜಿ ಅಪ್ಪನ ಕಸುಬನ್ನು ಮತ್ತೆ ಹಿಡಿದಿದ್ದಳು, ಅಂದಿನಿಂದ ಅಜ್ಜನೇ ಕೈಗಾಡಿಯಲ್ಲಿ ಕುರ್ಚಿ ಒಯ್ದು ಕೊಡುತ್ತಿದ್ದ. ಆಸ್ಪತ್ರೆಯ ಗುಮಾಸ್ತ ರಸೀದಿ ಚಾಚಿದರೆ ಇವನು ಸಹಿ ಮಾಡಿ, ದುಡ್ಡು ಜೇಬಿಗೆ ಹಾಕಿಕೊಂಡು ಬಂದು, ಅಡುಗೆಮನೆಯ ಡಬ್ಬಕ್ಕೆ ಹಾಕುತ್ತಿದ್ದ. ಮನೆಯ ದುಡ್ಡು ಮನೆಗೆ ಬಂತು, ಅದರಲ್ಲಿ ನಿನ್ನದೇನು ನನ್ನದೇನು ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

“ಹೋಗಲಿ ಬಿಡೇ,” ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. “ಇದರಲ್ಲಿ ಲಾಭ ಇದೆ. ಆದಾಯ ಇಲ್ಲ ಅಂದ್ರೆ ತೆರಿಗೇನೂ ಇಲ್ಲ. ಊರವರೆಲ್ಲ ತೆರಿಗೆ ತಪ್ಪಿಸಿಕೊಳ್ಳೋಕೆ ಒದ್ದಾಡ್ತಾರೆ, ನೀನೊಬ್ಬಳು ಕಟ್ಟೋಕೆ ಒದ್ದಾಡ್ತೀಯ. ಹಿತ್ತಲಿದೆಯಲ್ಲ, ಅಂಗಡಿ ಯಾಕೆ ನಿನಗೆ?”

ಅಜ್ಜಿ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು. “ನಲವತ್ತು ಜನರ ಮುಂದೆ ನಾನು ಕೆಲಸವಿಲ್ಲದೋಳು ಅನ್ನಿಸ್ಕೊಂಡು ಬಂದೆ ಕಣ್ರೀ. ಕೈ ನೋಡಿ.” ಎರಡೂ ಅಂಗೈ ಚಾಚಿದಳು. ಬೆರಳ ತುದಿಗಳಲ್ಲಿ ಬೆತ್ತ ಕೊಯ್ದ ಗೆರೆಗಳು, ಹೆಬ್ಬೆರಳಿನಲ್ಲಿ ದಡ್ಡುಗಟ್ಟಿದ ಚರ್ಮ. “ಇದು ಹೊತ್ತು ಹೋಗೋಕೆ ಆಗಿದ್ದಾ?”

ಅಜ್ಜ ಅಷ್ಟಕ್ಕೆ ಸುಮ್ಮನಾಗುವುದು ಬಿಟ್ಟು, “ಪುಸ್ತಿಕೆಯಲ್ಲಿ ಹವ್ಯಾಸಕ್ಕೆ ತೆರಿಗೆ ಇಲ್ಲ ಅಂತಲೇ ಇದೆ,” ಎಂದುಬಿಟ್ಟ.

“ಸರಿ,” ಎಂದಳು ಅಜ್ಜಿ. “ಹವ್ಯಾಸ ಅಂದ್ರೆ ಮನಸ್ಸು ಬಂದಾಗ ಮಾಡೋದು. ನನಗೀಗ ಮನಸ್ಸಿಲ್ಲ.”

ಅಲ್ಲಿಗೆ ಕುರ್ಚಿ ಕೆಲಸ ನಿಂತಿತು. ಆ ಹೊತ್ತಿಗೆ ಆಸ್ಪತ್ರೆಯ ಕಾಯುವ ಕೋಣೆಯ ಹದಿನೆಂಟು ಕುರ್ಚಿಗಳು ಬಂದು ಕೂತಿದ್ದವು. ಹಿತ್ತಲಿನಲ್ಲಿ ಜಾಗ ಸಾಲದೆ ನಡುಮನೆಯಲ್ಲೂ ಓಣಿಯಲ್ಲೂ ಸೀಟಿಲ್ಲದ ಕುರ್ಚಿಗಳು. ಅಜ್ಜಿ ಬಚ್ಚಲ ಬಕೆಟ್ಟು ತೊಳೆದು ಬೋರಲು ಹಾಕಿ, ಕಿಟಕಿಯ ಪಕ್ಕ ಕೂತು, ರೇಡಿಯೋ ಹಾಕಿಕೊಂಡಳು. ಅಡುಗೆ ಮಾಡಿದಳು, ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಬೆತ್ತ ಮಾತ್ರ ಜಪ್ಪಯ್ಯ ಅಂದರೂ ಮುಟ್ಟಲಿಲ್ಲ. ಮೂರನೆಯ ದಿನ ಆಸ್ಪತ್ರೆಯ ಗುಮಾಸ್ತನ ಫೋನು ಬಂತು.

“ರೋಗಿಗಳು ನಿಂತೇ ಇದ್ದಾರೆ ಅಜ್ಜ, ಕುರ್ಚಿ ಯಾವಾಗ?”

“ಹೆಣೆಯೋರಿಗೆ ಮನಸ್ಸು ಬರಬೇಕಪ್ಪ,” ಎಂದ ಅಜ್ಜ ಪೆಚ್ಚಾಗಿ.

“ನೀವೇ ತಾನೇ ಹೆಣೆಯೋದು? ಸಹಿ ನಿಮ್ಮದೇ ಇದೆ!”

ಫೋನಿಟ್ಟು, ತಲೆಬಿಸಿಯಲ್ಲಿ, ಹಿಂದೆ ಮುಂದೆ ನೋಡದೆ ಅಜ್ಜ ಹಿಂದಿದ್ದ ಕುರ್ಚಿಯ ಮೇಲೆ ಕೂತ. ಅದಕ್ಕೆ ಸೀಟಿರಲಿಲ್ಲ. ಅಜ್ಜ ಚೌಕಟ್ಟಿನೊಳಗೆ ಸೊಂಟದವರೆಗೆ ಇಳಿದು ಸಿಕ್ಕಿಕೊಂಡ, ಮಂಡಿಗಳು ಮೂಗಿನ ಹತ್ತಿರ ಬಂದವು. “ಅಯ್ಯೋ! ಯಾರಾದ್ರೂ ಬನ್ರೋ!” ಎಂದು ಕೂಗಿಕೊಂಡ. ಮಗ ಕಂಕುಳಿಗೆ ಕೈಹಾಕಿ ಎಳೆದ, ಸೊಸೆ ಕುರ್ಚಿಯ ಕಾಲು ಹಿಡಿದು ಎಳೆದಳು, ಮೊಮ್ಮಗಳು ನಕ್ಕು ನಕ್ಕು ನೆಲದ ಮೇಲೆ ಕೂತಳು. ಸದ್ದು ಕೇಳಿ ಮಹಡಿಯ ಮೇಷ್ಟ್ರೂ ಇಳಿದು ಬಂದರು.

ಅಜ್ಜಿ ಎದ್ದು ರೇಡಿಯೋ ಸ್ವಲ್ಪ ಸಣ್ಣಗೆ ಮಾಡಿದಳು. “ಬಲವಂತ ಮಾಡ್ಬೇಡಿ,” ಎಂದಳು. “ನಿಮ್ಮ ಮಾವನಿಗೆ ಹೊತ್ತು ಹೋಗ್ತಿದೆ ಅನ್ಸುತ್ತೆ ಕಣಮ್ಮ.”

ತೊಡೆಗೆ ಎಣ್ಣೆ ಸವರಿ ಅಜ್ಜನನ್ನು ಬಿಡಿಸಬೇಕಾಯಿತು. ಆ ಎಣ್ಣೆಯ ದೆಸೆಯಿಂದ ಇನ್ನೊಂದು ಸಂಗತಿ ಹೊರಬಿತ್ತು. ಶೀಸೆ ಖಾಲಿಯಾಗಿತ್ತು, ಹೊಸದು ತರಲು ಸೊಸೆ ಅಡುಗೆಮನೆಯ ಡಬ್ಬ ತೆಗೆದರೆ ಡಬ್ಬವೂ ಖಾಲಿ. ಹಾಲಿನವನಿಗೆ ಕೊಟ್ಟಿರಲಿಲ್ಲ. ತರಕಾರಿ ತಂದಿರಲಿಲ್ಲ. ಆ ವಾರ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ಸಂಜೆ ಅದೇ ಬ್ರೆಡ್ಡನ್ನು ಕಾಯಿಸಿ ಬೇರೆ ತಟ್ಟೆಯಲ್ಲಿಟ್ಟರು.

“ಮಾವ, ಡಬ್ಬಕ್ಕೆ ಪಿಂಚಣಿಯಿಂದ ತಿಂಗಳಿಗೆ ಎಷ್ಟು ಹಾಕ್ತಿದ್ರಿ?” ಸೊಸೆ ಕೇಳಿದಳು.

“ನಾನ್ಯಾಕೆ ಹಾಕಲಿ? ನನ್ನ ಪಿಂಚಣಿ, ಇವನ ಸಂಬಳ, ಎರಡೂ ಮನೆ ಸಾಲದ ಕಂತಿಗೆ ಹೋಗುತ್ತೆ. ಬಾಡಿಗೆ ಕರೆಂಟಿಗೆ, ನಿನ್ನ ಸಂಬಳ ಇವಳ ಶಾಲೆಗೆ.”

“ಮತ್ತೆ ಡಬ್ಬಕ್ಕೆ?”

“ಅದು ಯಾವಾಗಲೂ ತುಂಬಿರ್ತಿತ್ತಲ್ಲ,” ಎಂದ ಅಜ್ಜ.

ಮಗ ಬ್ರೆಡ್ಡು ಕೆಳಗಿಟ್ಟ. ಕಿಟಕಿಯ ಹತ್ತಿರ ರೇಡಿಯೋದವನು ನಾಳೆಯ ಹವಾಮಾನ ಹೇಳುತ್ತಿದ್ದ.

ಮರುದಿನ ಅಜ್ಜ ತನ್ನ ಉದ್ದನೆಯ ಪುಸ್ತಕಗಳನ್ನು ಬೀರುವಿನಿಂದ ಇಳಿಸಿದ. ಹನ್ನೊಂದು ಪುಸ್ತಕ, ವರ್ಷಕ್ಕೊಂದು. ಸೋಪು, ಸಿಲಿಂಡರು, ನಲ್ಲಿ ಎಲ್ಲ ಆದ ಮೇಲೆ ಪ್ರತಿ ಪುಟದ ಕೊನೆಯಲ್ಲಿ ‘ಇತರೆ’ ಎಂಬ ಸಾಲಿತ್ತು. ಅಲ್ಲಿ ಅವನದೇ ಅಕ್ಷರದಲ್ಲಿ, ತಾರೀಖು ಸಮೇತ: ಆಸ್ಪತ್ರೆ, ಎರಡು ಕುರ್ಚಿ, ಇಷ್ಟು. ಶಾಲೆ, ಮೂರು ಕುರ್ಚಿ, ಇಷ್ಟು. ಒಂದು ವಾರವೂ ತಪ್ಪಿರಲಿಲ್ಲ. ಹನ್ನೊಂದು ವರ್ಷ ಆ ಮೀಟರನ್ನು ಅವನು ನಿಯತ್ತಾಗಿ ಓದಿದ್ದ, ಒಂದು ಸಲವೂ ಕೂಡಿರಲಿಲ್ಲ.

ಈಗ ಕೂಡಿದ. ನಂಬಿಕೆ ಬಾರದೆ ಮತ್ತೆ ಕೂಡಿದ. ಮೇಷ್ಟ್ರನ್ನು ಕರೆದು ಕೂಡಿಸಿದ. ಸಾವಿರದ ನಲವತ್ತಮೂರು ಕುರ್ಚಿ. ಕಳೆದ ವರ್ಷ ಒಂದರದ್ದೇ ದುಡ್ಡು ಅವನ ಪಿಂಚಣಿಗಿಂತ ತುಸು ಹೆಚ್ಚು. ಅಜ್ಜನಿಗೆ ನಾಚಿಕೆಯಾಯಿತು, ಕಿವಿಯವರೆಗೆ ಬಿಸಿಯಾಯಿತು. ನೀಲಿ ಪುಸ್ತಿಕೆಯ ಹವ್ಯಾಸದ ಪುಟ ತೆಗೆದು ನೋಡಿದರೆ, ತಾನು ಓದಿ ನಿಲ್ಲಿಸಿದ ಸಾಲಿನ ಕೆಳಗೇ ಇನ್ನೊಂದು ಸಾಲು ಇತ್ತು: ‘ಆದರೆ ಹಣ ಪಡೆದು, ವರ್ಷವಿಡೀ ಮಾಡುವ ಕೆಲಸ ಹವ್ಯಾಸವಲ್ಲ.’ ಒಂದಕ್ಷರ ಬಿಡದೆ ಓದಿದವನು ಇದನ್ನು ಮಾತ್ರ ಹೇಗೆ ಬಿಟ್ಟನೋ!

ಹಾಗೆಂದು ಗಂಡಸು ಅಷ್ಟು ಸುಲಭಕ್ಕೆ ಸೋಲೊಪ್ಪಿಕೊಳ್ಳುತ್ತಾನೆಯೇ? ಮೂವತ್ತನಾಲ್ಕು ವರ್ಷದ ಹೆಮ್ಮೆ ಅಡ್ಡ ನಿಂತಿತ್ತು. ತಪ್ಪು ಬರೆದಿದ್ದೇನೆ ಎಂದು ಆ ಕಿಟಕಿಯ ಮುಂದೆ ಹೇಳುವ ಬದಲು ಬೇರೆ ದಾರಿ ಹುಡುಕಿದ.

“ಒಂದು ಕೆಲಸ ಮಾಡೋಣ,” ಎಂದ ಅಜ್ಜಿಗೆ. “ಅಂಗಡಿ ನನ್ನ ಹೆಸರಲ್ಲೇ ತಗೊಳ್ಳೋಣ. ರಸೀದಿಗಳೂ ನನ್ನ ಹೆಸರಲ್ಲೇ ಇವೆ. ಕೂತು ಕೆಲಸ ಮಾಡೋಳು ನೀನೇ.”

ಅಜ್ಜಿ ಒಂದು ಕುರ್ಚಿ ಎಳೆದು ಅವನ ಮುಂದಿಟ್ಟಳು. ಒಂದು ಹಿಡಿ ಬೆತ್ತದ ಎಳೆ ತಂದು ಮಡಿಲಿಗೆ ಹಾಕಿದಳು. “ಸಂಘದವರು ಬಂದು ಹೆಣೆದು ತೋರಿಸಿ ಅಂದ್ರೆ? ಅಭ್ಯಾಸ ಮಾಡ್ಕೊಳ್ಳಿ.”

ಅಜ್ಜ ಹಟಕ್ಕೆ ಬಿದ್ದು ಕೂತ. ನೆನೆಸದ ಬೆತ್ತ ಫಟ್ಟೆಂದು ಮುರಿಯಿತು. ನೆನೆಸಿದ್ದು ಜಾರಿತು. ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ಎಳೆದಿದ್ದ, ಮೂರನೆಯದರಲ್ಲಿ ಎಡಗೈ ಹೆಬ್ಬೆರಳನ್ನೂ ಸೇರಿಸಿ ಹೆಣೆದುಬಿಟ್ಟಿದ್ದ. ಮೊಮ್ಮಗಳು ಕತ್ತರಿ ತಂದು ಬಿಡಿಸಿದಳು. ಬೆರಳಲ್ಲಿ ಸಣ್ಣ ಗಾಯವಾಗಿ ರಕ್ತ ಜಿನುಗುತ್ತಿತ್ತು. ಅಜ್ಜ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಸಾವಿರದ ನಲವತ್ತಮೂರನ್ನು ನೆನೆದುಕೊಂಡ.

ತಿಂಗಳ ಕೊನೆಯ ದಿನ ಅಜ್ಜ ಬೆಳಿಗ್ಗೆಯೇ ಸ್ನಾನ ಮಾಡಿದ. ಕಾಲರಿನ ಹತ್ತಿರ ಇಸ್ತ್ರಿಪೆಟ್ಟಿಗೆಯ ಕಂದು ಗುರುತಿದ್ದ ಒಳ್ಳೆಯ ಶರ್ಟು ಹಾಕಿಕೊಂಡು, ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡ.

“ಬಾರೇ,” ಎಂದ. “ಆ ಕಚೇರಿಗೆ ಹೋಗಿ ಬರೋಣ.”

“ಯಾಕೆ, ಇನ್ನೂ ಒಂದು ಸಲ ನಗಿಸ್ಕೊಳ್ಳೋಕಾ?”

“ಈ ಸಲ ನಾನು ನಗಿಸ್ಕೋತೀನಿ. ಬಾ.”

ಅಜ್ಜಿ ಅನುಮಾನದಿಂದಲೇ ಹೊರಟಳು. ಕಚೇರಿಯಲ್ಲಿ ಸಾಲು ಮೆಟ್ಟಿಲವರೆಗೂ ಇತ್ತು. ಎರಡು ಗಂಟೆ ನಿಂತರು. ಕಿಟಕಿಯ ಹಿಂದೆ ನೆಗಡಿಯಾಗಿದ್ದ ಹುಡುಗಿಯೊಬ್ಬಳು ಕೂತಿದ್ದಳು.

“ಹೇಳಿ ಅಜ್ಜ.”

ಅಜ್ಜ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮೆತ್ತಗೆ ಹೇಳಬೇಕೆಂದು ಮನೆಯಿಂದ ಹೊರಟಿದ್ದ, ಆದರೆ ಮನೆಮನೆಯ ಗೇಟಿನಲ್ಲಿ ನಿಂತು ಕೂಗಿ ಅಭ್ಯಾಸವಾದ ಗಂಟಲು. “ನಾನು ತಪ್ಪು ರೀಡಿಂಗ್ ಬರೆದಿದ್ದೀನಮ್ಮ,” ಎಂದಿದ್ದು ಮೆಟ್ಟಿಲವರೆಗೂ ಕೇಳಿಸಿತು. “ಕುರ್ಚಿ ಹೆಣೆಯೋದು ಇವಳು. ದುಡ್ಡು ಇವಳದು. ಸಹಿ ಮಾತ್ರ ನಂದು. ಹನ್ನೊಂದು ವರ್ಷದ ಲೆಕ್ಕ ಇಲ್ಲಿದೆ.”

ಪುಸ್ತಕಗಳು ಕಿಟಕಿಯ ತೂತಿನಲ್ಲಿ ಒಂದರ ಹಿಂದೊಂದು ಒಳಹೋದವು. ಹುಡುಗಿ ಕಣ್ಕಣ್ಣು ಬಿಟ್ಟಳು. “ಅಜ್ಜ, ಹೋದ ವರ್ಷದ್ದು ಒಂದು ಸಾಕು. ಅದರ ಹಿಂದಿನ ವರ್ಷಗಳಲ್ಲಿ ಕಸುಬಿನ ಆದಾಯಕ್ಕೆ ಈ ನಿಯಮ ಇರಲಿಲ್ಲ.”

“ಉಳಿದ ಹತ್ತು ವರ್ಷ?”

“ಬೇಡ.”

“ಎಲ್ಲಾ ಸರಿಯಾಗಿದೆಯಮ್ಮಾ, ಒಂದು ವಾರವೂ ಬಿಟ್ಟಿಲ್ಲ!” ಅಜ್ಜನಿಗೆ ನಿಜವಾಗಿಯೂ ಬೇಜಾರಾಯಿತು.

“ದಮ್ಮಯ್ಯ, ಬೇಡ ಅಜ್ಜ.” ಅವಳು ಕೊನೆಯ ಪುಸ್ತಕ ತಿರುವಿ, ಸೀನಿ, ಆಸ್ಪತ್ರೆಗೂ ಶಾಲೆಗೂ ಫೋನು ಮಾಡಿ ಕುರ್ಚಿಗಳ ಸಂಖ್ಯೆ ತಾಳೆ ನೋಡಿದಳು. ಒಂದೂ ಹೆಚ್ಚುಕಮ್ಮಿಯಿರಲಿಲ್ಲ. “ಸರಿಯಾಗಿದೆ. ಹೊಸ ಫಾರಂ ಕೊಡ್ತೀನಿ. ಅದರಲ್ಲಿ ಬರೆದುಕೊಡಿ, ಹಳೇದನ್ನ ಹರಿದು ಹಾಕ್ತೀನಿ.”

“ಹರಿಯೋ ಹಾಗಿಲ್ಲ!” ಅಜ್ಜ ಕಿಟಕಿಗೆ ಕೈ ಅಡ್ಡ ಇಟ್ಟ. “ನಮ್ಮ ಇಲಾಖೆಯಲ್ಲಿ ರೀಡಿಂಗ್ ತಪ್ಪಾದ್ರೆ ಅಳಿಸ್ತಿರಲಿಲ್ಲ, ಹರೀತಿರಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ತಪ್ಪು ಮಾಡಿದವನು ಸಹಿ ಹಾಕಬೇಕು. ತಪ್ಪು ಎಲ್ಲರಿಗೂ ಕಾಣಬೇಕು. ಹಳೇದೇ ಕೊಡಮ್ಮ.”

ಹುಡುಗಿ ಕೊಟ್ಟಳು. ಅಜ್ಜ ‘ಉದ್ಯೋಗ ಇಲ್ಲ’ ಎಂಬುದರ ಮೇಲೆ ಗೆರೆ ಎಳೆದ. ‘ಹೊತ್ತು ಹೋಗಲು’ ಎಂಬುದರ ಮೇಲೆ ಇನ್ನೊಂದು ಗೆರೆ. ‘ಆದಾಯ ಇಲ್ಲ’ ಎಂಬುದರ ಮೇಲೆ ಮೂರನೆಯದು, ಅದರ ಪಕ್ಕ ಹೋದ ವರ್ಷದ ಮೊತ್ತ. ಪಕ್ಕದಲ್ಲಿ ಮುದ್ದಾಗಿ ಬರೆದ: ‘ಉದ್ಯೋಗ: ಬೆತ್ತದ ಕುರ್ಚಿ ಹೆಣೆಯುವುದು. ಅನುಭವ ಹನ್ನೊಂದು ವರ್ಷ.’ ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಹಾಕದ ಆ ಸಹಿಯನ್ನು ಗೆರೆಯ ಪಕ್ಕ ಹಾಕಿದ.

“ಹನ್ನೊಂದಲ್ಲ,” ಅಜ್ಜಿ ಪಕ್ಕದಿಂದ ಹೇಳಿದಳು. ಮೂರು ವಾರದಲ್ಲಿ ಅವಳಾಗಿಯೇ ಅವನೊಂದಿಗೆ ಮೆತ್ತಗೆ ಆಡಿದ ಮೊದಲ ಮಾತು. “ಮದುವೆಗೆ ಮುಂಚೆ ಅಪ್ಪನ ಜೊತೆ ಒಂಬತ್ತು ವರ್ಷ.”

ಅಜ್ಜ ಹನ್ನೊಂದರ ಮೇಲೂ ಗೆರೆ ಎಳೆದು, ಇಪ್ಪತ್ತು ಎಂದು ಬರೆದು, ಮತ್ತೊಂದು ಸಹಿ ಹಾಕಿದ. ಸಾಲಿನಲ್ಲಿ ಯಾರೋ ನಕ್ಕರು. ನಗಲಿ ಎಂದುಕೊಂಡ.

“ತೆರಿಗೆ ಇಷ್ಟಾಗುತ್ತೆ,” ಹುಡುಗಿ ಚೀಟಿ ಬರೆದಳು. “ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ದಂಡ ಇಷ್ಟು.”

“ದಂಡ ಅವರದು,” ಎಂದಳು ಅಜ್ಜಿ. “ತೆರಿಗೆ ನಂದು.” ಸೊಂಟದಲ್ಲಿದ್ದ ಕೈಚೀಲ ತೆಗೆದು, ಮಡಿಕೆ ಬಿಡಿಸಿ, ಅಂಗಡಿಗೆಂದು ಮೂರು ತಿಂಗಳಿಂದ ಎತ್ತಿಟ್ಟಿದ್ದ ನೋಟುಗಳನ್ನು ಒಂದೊಂದಾಗಿ ಎಣಿಸಿ ಇಟ್ಟಳು. ಬೇಕೆಂದೇ ನಿಧಾನವಾಗಿ ಎಣಿಸಿದಳು. ರಸೀದಿಯ ಮೇಲೆ ತನ್ನ ಹೆಸರು ಸರಿಯಿದೆಯೇ ಎಂದು ನೋಡಿ, ಅಲ್ಲೇ ನಿಂತು ಇನ್ನೊಮ್ಮೆ ನೋಡಿದಳು. ಹಿಂದಿನವರು “ಬೇಗ ಬೇಗ ಅಜ್ಜೀ” ಎಂದರೂ ಸೊಪ್ಪು ಹಾಕಲಿಲ್ಲ.

ಸಂಘದ ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ಮಗ ಬೇಕರಿ ವ್ಯಾನು ತಂದು ನಿಲ್ಲಿಸಿದ. ಅಜ್ಜ ಅಜ್ಜಿ ಇಬ್ಬರೂ ಬ್ರೆಡ್ಡಿನ ಕ್ರೇಟುಗಳ ನಡುವೆ ಕೂತು ಹೋದರು. ಕಾರ್ಯದರ್ಶಿ ಬೀಗ ಕೈಯಲ್ಲಿ ಹಿಡಿದಿದ್ದ, ಮೊಬೈಲ್ ಕವರಿನವನು ಆಗಲೇ ಬೆಂಚಿನ ಮೇಲೆ ಕೂತಿದ್ದ. ಅಜ್ಜಿ ಇಬ್ಬರ ನಡುವೆ ನುಗ್ಗಿ ಚೀಟಿಯನ್ನು ಮೇಜಿನ ಮೇಲೆ ಬಡಿದಳು. “ನನ್ನ ಆದಾಯ,” ಎಂದಳು. ಕಾರ್ಯದರ್ಶಿ ಓದಿ, ಬೀಗ ಕೆಳಗಿಟ್ಟು, ಅರ್ಜಿ ತೆಗೆದುಕೊಂಡ. ಹತ್ತು ದಿನಕ್ಕೆ ಕೀಲಿ ಕೈಗೆ ಬಂತು. ಮೊಬೈಲ್ ಕವರಿನವನ ಬಳಿ ಕವರಿದ್ದವು, ಆದಾಯದ ಚೀಟಿ ಇರಲಿಲ್ಲ.

ಮೂಲೆಯಂಗಡಿಯಲ್ಲಿ ಎರಡು ಕಿಟಕಿಯ ಬೆಳಕಿನಲ್ಲಿ ಹದಿನೆಂಟು ಕುರ್ಚಿಗಳೂ ಮುಗಿದವು. ಗೋಡೆಯ ಮೇಲೆ ಗಡಿಯಾರದವನು ಬಿಟ್ಟು ಹೋದ ಮೊಳೆಗೆ ತೆರಿಗೆ ರಸೀದಿ ಚೌಕಟ್ಟಿನಲ್ಲಿ ನೇತಾಡುತ್ತಿತ್ತು. ಅಜ್ಜ ಎಂದಿನಂತೆ ಕೈಗಾಡಿಯಲ್ಲಿ ಕುರ್ಚಿ ಒಯ್ದ, ನಾಲ್ಕು ಸಲ ಓಡಾಡಿದ. ಗುಮಾಸ್ತ ರಸೀದಿ ಚಾಚಿದಾಗ, “ನಾನಲ್ಲಪ್ಪ, ಯಜ್ಮಾನ್ತಿ ಬಂದು ಹಾಕ್ತಾರೆ,” ಎಂದ. ಅಜ್ಜಿ ಸಂಜೆ ಹೋಗಿ ಸಹಿ ಹಾಕಿ ದುಡ್ಡು ತಂದಳು. ಅದರಲ್ಲಿ ಎರಡು ನೋಟು ಎಣಿಸಿ ಅಜ್ಜನ ಕೈಗಿಟ್ಟಳು.

“ಇದೇನೇ?”

“ಗಾಡಿ ತಳ್ಳಿದ್ದಕ್ಕೆ.”

ಅಜ್ಜ ಹಿಗ್ಗಿದ. ಮರುಕ್ಷಣವೇ ನೀಲಿ ಪುಸ್ತಿಕೆ ನೆನಪಾಯಿತು. “ಹೆಂಡತಿ ಗಂಡನಿಗೆ ಕೊಟ್ಟಿದ್ದು ಉಡುಗೊರೆ. ಹನ್ನೊಂದನೇ ಪುಟ. ತೆರಿಗೆ ಇಲ್ಲ.”

“ಉಡುಗೊರೆಯಲ್ಲ, ಕೂಲಿ. ಬರ್ಕೊಳ್ಳಿ.” ಅಜ್ಜಿ ಚಹಾ ಬಗ್ಗಿಸಿ ಲೋಟ ಮುಂದಿಟ್ಟಳು. “ಚಹಾನೂ ಬರ್ಕೊಳ್ಳಿ. ಮಗನ ಬ್ರೆಡ್ಡು ಬರೆದವರು ನೀವು.”

ಅಜ್ಜ ಪೆನ್ನಿನ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆದು ಯೋಚಿಸಿದ. ಮುಖ ಬೆಳಗಿತು. “ಇವಳೇ, ಈ ಗಾಡಿ ನಾನು ಸುಮ್ನೆ ಹೊತ್ತು ಹೋಗೋಕೆ ತಳ್ತೀನಿ ಅಂತ ಬರೆದ್ರೆ?”

“ಬರೀರಿ, ಯಾರು ಬೇಡ ಅಂದ್ರು?” ಎಂದು ಅಜ್ಜಿ ಬೆತ್ತ ಕೆಳಗಿಟ್ಟು ಅಂಗೈ ಚಾಚಿದಳು. “ಕಾಸು ವಾಪಸ್ ಕೊಡಿ ಮತ್ತೆ.”

ಅಜ್ಜ ಆ ಕೈ ನೋಡಿದ, ತನ್ನ ಕೈಯಲ್ಲಿದ್ದ ನೋಟು ನೋಡಿದ. ಆಮೇಲೆ ನೋಟನ್ನು ಜೇಬಿಗೆ ಹಾಕಿಕೊಂಡು, ಪುಸ್ತಕ ತೆಗೆದು, ‘ಇತರೆ’ ಬಿಟ್ಟು ಮೇಲಿನ ಸಾಲಿನಲ್ಲಿ ಬರೆದ: ‘ಕೈಗಾಡಿ ಕೂಲಿ. ಚಹಾ ಒಂದು ಲೋಟ.’